ಒಂದೊಂದು ಗೆರೆ

ಚಳ್ಳಕೆರೆಯ ಎಣ್ಣೆಮಿಲ್ಲಿನ ಬೆಲ್ಟಿನ ಮೇಲೆ
ಶೇಂಗಾ ಓಡುತ್ತದೆ.
ಮೇಲಿನ ಕ್ಯಾಮೆರಾ ಬೀಜವನ್ನು ನೋಡುವುದಿಲ್ಲ,
ಕೂದಲೆಳೆಯಷ್ಟು ಗೆರೆ ನೋಡುತ್ತದೆ. ಮತ್ತೊಂದು ಗೆರೆ.

ಬೆಲ್ಟು ನಿಧಾನವಾದರೆ
ಕಣ್ಣು ಜಾಸ್ತಿ ಹೊತ್ತು ಬಿಟ್ಟಿರುತ್ತಾ, ಕಾಟಮ್ಮ ಕೇಳಿದಳು.
ಇಲ್ಲಕ್ಕ, ಅಂದ ನಜೀರ,
ಕಾಯುವಾಗ ಬಿದ್ದ ಬೆಳಕನ್ನೆಲ್ಲ
ಒಳಗೊಳಗೇ ಚೆಲ್ಲಿಬಿಡುತ್ತೆ,
ಸೇರಿನ ತಳದ ಹಳೆ ಎಣ್ಣೆ ಬಸಿದು
ಹೊಸದಾಗಿ ಅಳೆದ ಹಾಗೆ.
ಪ್ರತಿ ಗೆರೆಗೂ ಅಷ್ಟೇ ಹೊತ್ತು.

ಇಪ್ಪತ್ತೆರಡು ವರ್ಷ ಮೊರದಲ್ಲಿ ಆಡಿದ ಬೆರಳು
ಸೆರಗಿನಂಚು ಸುತ್ತಿಕೊಂಡಿತು.
ಮನೆಯಲ್ಲಿ ಜಗಳವಾದ ದಿನ
ಎಷ್ಟು ಬೀಜ ನೋಡದೇ ಎಸೆದಿತ್ತೋ.

ಫುಸ್ಸೆಂದು ಗಾಳಿ.
ಕಪ್ಪು ಬೀಜವೊಂದು ಹಾರಿ
ಅವಳ ಮಡಿಲಿಗೇ ಬಿತ್ತು.
ಬಾಯಿಗೆ ಹಾಕಿಕೊಂಡಳು.
ಒಂದು ಹೋಳು ಕಹಿ.
ಇನ್ನೊಂದು ಅಲ್ಲ.