ಕಡ್ಡಾಯ ಖಾನೆ

ಕೂತುಕೋ ಲೀಸ್ಬೆಟ್, ಕೋಟು ಈಗಲೇ ತೆಗೆಯಬೇಡ,
ಒಲೆ ಇನ್ನೂ ಬಿಸಿಯೇರಿಲ್ಲ.
ರಾತ್ರಿ ಹದಿನಾಲ್ಕು ಬಂದಿವೆ.
ಕಿಟಕಿಯಾಚೆ ಸ್ಲೇಟುಕಲ್ಲಿನ ಸೂರುಗಳ ಮೇಲೆ ಹಿಮ
ಬಿದ್ದದ್ದು ಬಿದ್ದಂತೆ ಇರಲಿ, ಅದಕ್ಕೆ ಉತ್ತರ ಬೇಕಿಲ್ಲ.
ಇವಕ್ಕೆ ಬೇಕು. ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯುವುದರೊಳಗೆ.

ಮೊದಲು ಉತ್ತರ, ಆಮೇಲೆ ನಮಸ್ಕಾರ.
ತುರಿಂಗಿಯಾದ ಈ ಕಣಿವೆಯಲ್ಲಿ
ನಾಲ್ಕು ತಲೆಮಾರಿನಿಂದ ಗಾಜಿನ ಕಣ್ಣು ಊದುತ್ತಿದ್ದೇವೆಂದು
ಕಣ್ಣು ಕಳಕೊಂಡವರಿಂದ ಮೂರು ಸಾಲು ಓದಿಸಬೇಡ.
ಒಂದು ಪತ್ರಕ್ಕೆ ಒಂದೇ ಪ್ರಶ್ನೆ.
ಎರಡು ಕೇಳಿದರೆ ಸುಲಭದ್ದಕ್ಕೆ ಮಾತ್ರ ಜವಾಬು ಬರುತ್ತದೆ,
ಇಪ್ಪತ್ತಾರು ವರ್ಷ ಕಂಡಿದ್ದೇನೆ.
ಬೆಲೆ ಕೇಳಿದರೆ ಬೆಲೆಯನ್ನೇ ಬರೆ.
ನೋವಾಗುತ್ತದೆಯೇ ಎಂದವರಿಗೆ ಇಲ್ಲ ಅನ್ನಬೇಡ;
ಮೊದಲ ವಾರ ಮರಳು ಬಿದ್ದ ಹಾಗೆ,
ಆಮೇಲೆ ಮರೆಯುತ್ತೀರಿ, ಅನ್ನು.

ಈ ಫಾರ್ಮು ಮಾಡಿಕೊಟ್ಟವನು ಎಕಾರ್ಟನ ಅಳಿಯ.
ಹೆಸರು, ಇಮೇಲ್, ವಿಷಯ, ಸಂದೇಶ:
ನಾಲ್ಕಕ್ಕೂ ಕೆಂಪು ನಕ್ಷತ್ರ. ಒಂದು ಖಾಲಿ ಬಿಟ್ಟರೂ
ಕಳಿಸುವ ಗುಂಡಿ ಮಿಸುಕುವುದಿಲ್ಲ.
ಬಣ್ಣಕ್ಕೊಂದು ಖಾನೆ ಬೇಡವೇ ಎಂದೆ.
ಬೇಡ, ಎಂದ ಎಕಾರ್ಟ್, ಊದುಕೊಳವೆ ಪಕ್ಕಕ್ಕಿಟ್ಟು,
ತಮ್ಮ ಕಣ್ಣಿನ ಬಣ್ಣ ಯಾರಿಗೂ ಗೊತ್ತಿರುವುದಿಲ್ಲ.
ನಿಜ. "ನೀಲಿ" ಎಂದು ಬರೆದು ಬಂದವಳದು
ಬೂದಿ, ತೊಳೆದ ತವರದ್ದು.
"ಕಂದು, ಸಾಮಾನ್ಯ" ಎಂದಿದ್ದ ಲಾರಿ ಚಾಲಕನ
ಪಾಪೆಯ ಸುತ್ತ ಜೇನಿನ ಮೂರು ಗೀರು,
ಅವನ ಹೆಂಡತಿಗೂ ಅಂದೇ ತಿಳಿದದ್ದು.
ಬಣ್ಣ ಹೇಳಿದವರಿಗೆಲ್ಲ ಒಂದೇ ಸಾಲು:
ಬನ್ನಿ, ಬೆಳಗಿನ ಹತ್ತರ ಬೆಳಕಿನಲ್ಲಿ ನೋಡೋಣ.

ಸಿದ್ಧ ಉತ್ತರಗಳು ಆ ಕಡತದಲ್ಲಿವೆ, ಒಂದರಿಂದ ಒಂಬತ್ತು.
ಸಂಕೋಚ ಬೇಡ. ವಾಕ್ಯ ನಮಗೆ ಸವೆದಿದೆ,
ಓದುವವರಿಗೆ ಅದು ಮೊದಲ ಸಲ.
ಈ ಡ್ರಾಯರ್ ಎಳೆದು ನೋಡು:
ಬಿಳಿ ಗಾಜಿನ ಗೋಲಿಗಳು, ತಯಾರಾಗಿ, ಇನ್ನೂ ಯಾರದ್ದೂ ಆಗದೆ.
ಬಂದವರು ಎದುರು ಕೂತ ಮೇಲೆಯೇ
ಕೆಂಪು ಗಾಜಿನ ನರ ಎಳೆಯುವುದು.
ಪತ್ರವೂ ಹಾಗೆ. ಗೋಲಿ ನಮ್ಮದು, ಒಂದೆಳೆ ಅವರದು.
ಮಗಳ ಮದುವೆ ಎಂದು ಬರೆದಿದ್ದರೆ
"ಮದುವೆಗೆ ಮೊದಲೇ" ಎಂದು ಸೇರಿಸು, ಸಾಕು.
ಎಳೆ ಹೆಚ್ಚಾದರೆ ಅತ್ತ ಕಣ್ಣಾಗುತ್ತದೆ.

ಹೋದ ಫೆಬ್ರುವರಿಯ ಒಂದನ್ನು ಹೇಳಿಬಿಡುತ್ತೇನೆ.
ಹೆಸರಿನ ಜಾಗದಲ್ಲಿ ಒಂದೇ ಅಕ್ಷರ.
ವಿಷಯ: ಚುಕ್ಕಿ. ಸಂದೇಶ: ಚುಕ್ಕಿ.
ಕಡ್ಡಾಯವೆಂದದ್ದಕ್ಕೆ ಇಟ್ಟ ಚುಕ್ಕಿ.
ಅಳಿಸಲು ಬೆರಳು ಹೋಗಿತ್ತು. ಕಸವೂ ಬರುತ್ತದೆ,
ಸಾಲ ಕೊಡುತ್ತೇವೆನ್ನುವವರು, ದಿನಕ್ಕೆ ಆರು ಜನ.
ಅಷ್ಟರಲ್ಲಿ ಆ ಮೇಜಿನಲ್ಲಿ ಎಕಾರ್ಟ್
ಉರಿಯ ತುದಿಗೆ ಕಪ್ಪು ಗಾಜಿನ ಕಡ್ಡಿ ಹಿಡಿದು
ಪಾಪೆ ಇಡುತ್ತಿದ್ದ. ಒಂದು ಚುಕ್ಕಿ.
ಅದು ಕೂತದ್ದೇ ತಡ,
ಗೋಲಿ ನನ್ನನ್ನು ನೋಡಿತು.

ಒಂಬತ್ತರಲ್ಲಿ ಒಂದೂ ಹೊಂದಲಿಲ್ಲ.
ಬರೆದೆ: ಎಡವೋ, ಬಲವೋ?
ನಮಸ್ಕಾರ ಮರೆತೆ.
ಹನ್ನೊಂದು ದಿನ ಏನಿಲ್ಲ. ಹನ್ನೆರಡನೆಯ ದಿನ: ಎಡ.
ಹಿಂದೆಯೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಇನ್ನೊಂದು,
ಉದ್ದ, ತಪ್ಪು ಕಾಗುಣಿತದ್ದು, ಮೊದಲೇ ಬರೆದಿಟ್ಟದ್ದೇನೋ.
ಅದನ್ನು ನಿನಗೆ ತೋರಿಸುವುದಿಲ್ಲ.
ಉತ್ತರವಾಗಿ ನಾಲ್ಕನೆಯದನ್ನೇ ಕಳಿಸಿದೆ,
ನಿಲ್ದಾಣದಿಂದ ಇಲ್ಲಿಗೆ ದಾರಿ, ಎಲ್ಲಿ ತಿರುಗುವುದು.
ಕೊನೆಗೆ ಒಂದೆಳೆ:
ನಮ್ಮ ಮೆಟ್ಟಿಲು ಜಾರುತ್ತದೆ, ಕಂಬಿ ಬಲಗಡೆಗಿದೆ.

ಒಲೆ ಬಿಸಿಯಾಯಿತು, ಕೋಟು ಅಲ್ಲಿ ಮೊಳೆಗೆ ಹಾಕು.
ಈಗ ಮೊದಲನೆಯದನ್ನು ತೆರೆ.
ಏನು ಕೇಳಿದ್ದಾರೆ?