ಉಬ್ಬರದ ಲೆಕ್ಕದವರು

ಹತ್ತೊಂಬತ್ತು ವರ್ಷ ಒಬ್ಬನೇ ಕಾದ
ಕಡಲಿನ ಲೆಕ್ಕವನ್ನು.
ಯಾವ ಬಂದರಿಗೆ ಯಾವ ಗಳಿಗೆಯಲ್ಲಿ ನೀರೇರುತ್ತದೆ,
ಎಷ್ಟು ಆಳುದ್ದ, ಎಷ್ಟು ಹೊತ್ತು,
ಎಲ್ಲ ರೊಸ್ಕೊಫ್‌ನ ಗುಲ್ವೆನ್ ಬರೆದದ್ದು, ಪುಕ್ಕಟೆ ಹಂಚಿದ್ದು.
ಹಡಗಿನವರು ಬಳಸುತ್ತಾರೆ, ಸಿಂಪಿ ಆಯುವವರೂ.
ಅವನ ಹೆಸರು ಯಾರಿಗೂ ಬೇಕಿಲ್ಲ;
ಲೆಕ್ಕ ತಪ್ಪಿದ ದಿನ ಮಾತ್ರ ಹುಡುಕುತ್ತಾರೆ.

ಈ ಮಾರ್ಚಿನಲ್ಲಿ ಬಲಗಣ್ಣಿಗೆ ಪೊರೆ ಬಂತು.
"ಬೀಗ ಒಂದು, ಕೀಲಿ ಒಂದು, ಕಿಸೆಯೂ ಒಂದೇ," ಎಂದ,
"ನಾಳೆ ನಾನು ಪಾಚಿ ಮೇಲೆ ಜಾರಿದರೆ?"

ಆರು ಜನ ಸೇರಿದೆವು
ಈರುಳ್ಳಿ ಜಡೆಗಳು ತೂಗುವ ಅವನ ಷೆಡ್ಡಿನಲ್ಲಿ.
ಮೊದಲು ನಿಯಮ ಬರೆಯುವುದೋ
ಮೊದಲು ಮನುಷ್ಯರನ್ನು ಆರಿಸುವುದೋ,
ಇದರಲ್ಲೇ ಒಂದು ಇಳಿತ ಮುಗಿಯಿತು.
ನಿಯಮ ಬರೆಯುವವರನ್ನು ಆರಿಸಲು ಯಾವ ನಿಯಮ
ಎಂದು ಕಾನೂನು ಓದಿದ ತುಗ್ದುವಲ್ ಕೇಳಿದ.
ಅವನ ಬಟ್ಟಲಿಗೆ ಮತ್ತಷ್ಟು ಸೈಡರ್ ಸುರಿದೆವು.

ಮಾಯೆಲ್ ಇದ್ದ: ಹನ್ನೊಂದು ಸಾವಿರ ಸಾಲು ಕೋಡ್.
ಕೋಡು ಮೂಡಿದವನಲ್ಲ, ಒಳ್ಳೆಯವನೇ.
ಕೇಳಿದವರಿಗೆಲ್ಲ ಹೂಂ ಅನ್ನುವನು;
ಒಂದೊಂದು ಹೂಂ ಬಿಚ್ಚಲು ನಮಗೆ ಮೂರು ತಿಂಗಳು.

ಮೂಲೆಯಲ್ಲಿ ಸುವಾಝಿಗ್, ದೋಣಿ ರಿಪೇರಿಯವಳು.
ಬರೆದದ್ದು ಇನ್ನೂರು ಸಾಲು, ಅಳಿಸಿದ್ದು ಒಂಬೈನೂರು.
ಹಿಂದೊಮ್ಮೆ ಯಾರೋ ಹುಡುಗ ಮೊದಲ ತೇಪೆ ಕಳಿಸಿದಾಗ
ರಾತ್ರಿ ಎರಡಕ್ಕೆ ಉತ್ತರಿಸಿದ್ದಳು:
"ಇದು ಬೇಡ. ಯಾಕೆ ಬೇಡ ಅಂದರೆ..."
ಆ 'ಅಂದರೆ'ಯ ಮುಂದೆ ಎರಡು ಪುಟ.
ಹುಡುಗ ಓಡಿಹೋಗಲಿಲ್ಲ.
ಈ ಸಾಲು ಬರೆಯುತ್ತಿರುವವನು ಅವನೇ.

ಚೀಟಿ ಬಿಚ್ಚಿದೆವು. ನಾಲ್ಕು, ಎರಡು.
"ನನಗೆ ಬೇಡ," ಎಂದಳು.
ಬೇಡ ಅನ್ನಲು ಬರುತ್ತದೆಂದೇ ನಿನ್ನನ್ನು ಆರಿಸಿದ್ದು, ಎಂದು ನಕ್ಕೆವು.
ಅವಳು ನಗಲಿಲ್ಲ.
"ಎರಡು ವರ್ಷ. ಆಮೇಲೆ ಮತ್ತೆ ಚೀಟಿ.
ಕೀಲಿ ಮೂರು ಕಿಸೆಯಲ್ಲಿರಲಿ. ಒಂದು ಮಾಯೆಲ್‌ನದು."
ತುಗ್ದುವಲ್ ಈರುಳ್ಳಿ ಚೀಲದ ಬೆನ್ನಿಗೆ ಬರೆದುಕೊಂಡ.
ಅದೇ ನಮ್ಮ ಸಂವಿಧಾನ, ಸೈಡರಿನ ಕಲೆ ಸಮೇತ.

ಸೋಮವಾರ ಗುಲ್ವೆನ್ ಒಂದು ತೇಪೆ ಕಳಿಸಿದ,
ಹಳೆಯ ಚಾಳಿ, ಟೆಸ್ಟ್ ಇಲ್ಲದೆ.
ಸಂಜೆಯೊಳಗೆ ಹಿಂತಿರುಗಿತು:
"ಇದು ಬೇಡ. ಯಾಕೆ ಬೇಡ ಅಂದರೆ..."

ಒಂದೇ ಕಣ್ಣಲ್ಲಿ ಎರಡೂ ಪುಟ ಓದಿದ.
ಏನೂ ಅನ್ನಲಿಲ್ಲ. ಬೂಟು ಹಾಕಿಕೊಂಡು
ದಂಡೆಗೆ ಹೋಗಿ ಗಡಿಯಾರ ನೋಡಿದ.
ನೀರು ಇಳಿಯುತ್ತಿತ್ತು,
ನಮ್ಮ ಲೆಕ್ಕಕ್ಕಿಂತ ನಾಲ್ಕು ನಿಮಿಷ ತಡವಾಗಿ.