ಉಪ್ಪುಮೂಟೆ

ವಾರ್ಡೊ ದ್ವೀಪದಲ್ಲಿ ಮರವಿಲ್ಲ,
ನೆರಳು ಬೀಳಿಸಬೇಕಾದ ಸೂರ್ಯನೂ
ನವೆಂಬರ್ ಕೊನೆಗೆ ರಜೆ ಹಾಕುತ್ತಾನೆ.
ಮೀನಿನ ಕಾರ್ಖಾನೆಯ ಟ್ಯೂಬ್‌ಲೈಟಿನಲ್ಲಿ
ನಮಗೆ ಬೆಳಗಾಗುತ್ತದೆ, ಆರಕ್ಕೆ.

ಕಾಡ್ ಮೀನಿನ ಬೆನ್ನೆಲುಬು ಬಿಡಿಸುತ್ತೇನೆ,
ಇಪ್ಪತ್ತೊಂಬತ್ತು ವರ್ಷದಿಂದ.
ಯೋಗಮಲರ್ ಎನ್ನಲು ಬಾರದು ಮೇಸ್ತ್ರಿ ಓಡ್‌ವಾರನಿಗೆ,
‘ಯೋಗಾ’ ಎನ್ನುತ್ತಾನೆ. ಹೊಸಬರು
ತಲೆಕೆಳಗಾಗಿ ನಿಲ್ಲುತ್ತೀಯಾ ಎಂದು ಕೇಳುತ್ತಾರೆ.

ಎದುರು ಮಣೆಯಲ್ಲಿ ಸುನ್ನಿವಾ. ಹತ್ತೊಂಬತ್ತು.
ಚಾಕುವಿಗಿಂತ ಗಡಿಯಾರದ ಮೇಲೇ ಕಣ್ಣು.
ಮೂರೂವರೆಯ ಗಂಟೆ ಹೊಡೆದರೆ ಸಾಕು,
ಉಪ್ಪಿನ ಕೊಠಡಿಗೆ ಓಡಿ
ಬೆನ್ನಚೀಲಕ್ಕೆ ಉಪ್ಪು ಸುರಿದು
ಮೀನಿನ ತಕ್ಕಡಿ ಮೇಲಿಟ್ಟು ಕೂಗುತ್ತಾಳೆ:
‘ನೀನೇ ನೋಡಿ ಹೇಳು ಯೋಗಾ,
ನನ್ನ ಕಣ್ಣು ನನಗೆ ಸುಳ್ಳು ಹೇಳುತ್ತೆ.’
ಹದಿನೆಂಟು.
ಮುಂದಿನ ವಾರ ಇಪ್ಪತ್ತು.
ಆಮೇಲೆ ಇಪ್ಪತ್ತೆರಡೂವರೆ.

ಬೇಸಿಗೆಗೆ ಆಯ್ಕೆಯಂತೆ. ಹೆಂಗಸರದೇ ಒಂದು ಪಡೆ.
ವಿಮಾನದಿಂದ ಹಾರುವುದು, ಹಿಮದೊಳಗೆ
ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ಮಲಗಿರುವುದು.
ನೂರು ಜನ ಹೋದರೆ ಹತ್ತು ಜನ ಉಳಿದಾರಂತೆ.
ಒಣಮೀನಿನ ಹಂದರದ ಗಳಕ್ಕೆ ಜೋತು
ಗದ್ದ ಮೇಲೆತ್ತುತ್ತಾಳೆ: ಮೂರು, ನಾಲ್ಕು, ನಾಲ್ಕೂ ಮುಕ್ಕಾಲು.
ಪಕ್ಕದಲ್ಲಿ ತಲೆಯಿಲ್ಲದ ಮೀನುಗಳು
ಜೋಡಿ ಜೋಡಿಯಾಗಿ, ಸುಸ್ತೇ ಇಲ್ಲದೆ, ತೂಗುತ್ತವೆ.

ಕಾಫಿ ಹೊತ್ತಿಗೆ ಮಾತು ಬಂತು:
ನಿಮಗೆಲ್ಲ ಏನಾಗಬೇಕಿತ್ತು?
ಲಿಥುವೇನಿಯಾದ ರಾಸಾಗೆ ಹಲ್ಲಿನ ಡಾಕ್ಟರು;
ಎರಡು ವರ್ಷ ಓದಿಯೂ ಇದ್ದಳು.
ಓಡ್‌ವಾರ್ ‘ಇದೇ’ ಅಂದ. ಯಾರೂ ನಂಬಲಿಲ್ಲ.
ಲೋಟ ತೊಳೆಯುತ್ತ ಗೋಡೆಗೆ ಹೇಳಿಕೊಂಡ:
ಅಂಚೆ ವಿಮಾನದ ಪೈಲಟ್.
ನನ್ನ ಸರದಿ ಬಂದಾಗ
ಬಾಯ್ತುಂಬ ಬಿಸ್ಕತ್ತಿತ್ತು.

ನಮ್ಮ ಕಡೆ ಪಡೆ ಸೇರಲು ಅರ್ಜಿ ಹಾಕುತ್ತಿರಲಿಲ್ಲ.
ಪಡೆಯೇ ಮನೆಗೆ ಬಂದು, ಹೊಸ್ತಿಲಲ್ಲಿ ನಿಂತು,
ಎಷ್ಟು ಮಕ್ಕಳು ಎಂದು ಕೇಳುತ್ತಿತ್ತು.
ಇಬ್ಬರು, ಎಂದಳು ಅಮ್ಮ. ಆಮೇಲೆ ಒಬ್ಬಳು.

ಈಗ ಹೇಳಿಬಿಡುತ್ತೇನೆ:
ಫೆಬ್ರವರಿಯಲ್ಲಿ ಮೂರು ವಾರ
ಮುಳ್ಳು ಇಪ್ಪತ್ತೆರಡಕ್ಕೆ ನಿಂತಾಗ
ಇಪ್ಪತ್ತೈದು ಎಂದೆ.
ಸೋತು ಬರಲಿ ಹುಡುಗಿ,
ಈ ಚಾಕು, ಈ ಮಣೆ ಸಾಕು ಅವಳಿಗೆ ಎಂದು.
ಉಪ್ಪು ತೂಗುತ್ತ ಸುಳ್ಳು ಹೇಳಿದ ಮೇಲೆ
ಊಟ ಸಪ್ಪೆ. ಎಷ್ಟು ಹಾಕಿಕೊಂಡರೂ ಸಪ್ಪೆ.

ಮಾರ್ಚ್ ಹಿಮ. ಗಾಯಾಳು ಬೇಕಿತ್ತಂತೆ,
ನೂರು ಹೆಜ್ಜೆ ಹೊತ್ತು ನಡೆಯಲು.
ರಾಸಾಗೆ ಸೊಂಟನೋವು, ಓಡ್‌ವಾರ್ ತೊಂಬತ್ತು ಕಿಲೊ.
‘ನೀನು ಮಲಗು ಯೋಗಾ, ಕಾಲು ಮುರಿದಿದೆ ಅಂದುಕೋ.’
ಐವತ್ತೆರಡು ವರ್ಷದವಳು, ರಬ್ಬರ್ ಏಪ್ರನ್ನಿನಲ್ಲೇ,
ಹಿಮದಲ್ಲಿ ಮಲಗಿದೆ.
ಎತ್ತಿದಳು ಬೆನ್ನಿಗೆ,
ಉಪ್ಪುಮೂಟೆ.

ಆನೆಯಿರವಿನ ಹಿನ್ನೀರು, ರಾತ್ರಿ.
ಅಣ್ಣ ನಗುಲನ್ನನ ಎದೆಮಟ್ಟ ನೀರು,
ಅವನ ಬೆನ್ನಿಗೆ ಅಂಟಿಕೊಂಡ ನಾನು.
ಅಳಬಾರದೆಂದು ಪಿಸುಗುಟ್ಟುತ್ತಿದ್ದ:
ಉಪ್ಪು ಬೇಕಾ ಉಪ್ಪು,
ಯಾರಿಗೆ ಬೇಕು ಉಪ್ಪು.
ಆ ದಡದಲ್ಲಿ ಇಳಿಸಿದ,
ಉಳಿದವರನ್ನು ತರಲು ತಿರುಗಿದ.

ಇವಳ ಕತ್ತಿನಲ್ಲಿ ಮೀನಿನ ವಾಸನೆ, ಬೆವರು.
ಮೂವತ್ತನೆಯ ಹೆಜ್ಜೆಗೆ ಕಿವಿಯಲ್ಲಿ ಹೇಳಿದೆ:
‘ಮೂರು ಕಿಲೊ ಕಡಿಮೆ ಹೊತ್ತಿದ್ದೀಯ,
ಮೂರು ವಾರ. ನಾನು ಸುಳ್ಳು ಹೇಳಿದೆ.’
ನಿಲ್ಲಲಿಲ್ಲ. ಮೊಣಕಾಲು ಒಮ್ಮೆ ಕುಸಿದು ಎದ್ದಿತು.
‘ಹಾಗಾದರೆ ನಾಳೆ ತುಂಬು,’ ಎಂದಳು, ‘ನಲವತ್ತೊಂದು.’

ಎಪ್ಪತ್ತಾದ ಮೇಲೆ, ಕೇಳದಿದ್ದರೂ ಹೇಳಿದೆ:
‘ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಒತ್ತುವವಳು.
ನನಗೆ ಅದಾಗಬೇಕಿತ್ತು.
ಜಾಫ್ನಾದಲ್ಲಿ. ಆಗ ಅಲ್ಲೊಂದು ಇತ್ತು.’

‘ಮೊಹರಾ?’ ಉಸಿರಿನ ನಡುವೆ ಕೇಳಿದಳು,
‘ತಾರೀಖು ತಿರುಗಿಸುವಂಥದ್ದಾ?’
ಹೌದು, ತಾರೀಖು ತಿರುಗಿಸುವಂಥದ್ದು.
‘ಗಟ್ಟಿಯಾಗಿ ಹಿಡಿದುಕೋ,’ ಎಂದಳು.
‘ಎಪ್ಪತ್ತನಾಲ್ಕು. ಎಪ್ಪತ್ತೈದು.’